ಹಿಂದೆ ಇಳಿದವರು

ನಮ್ಮ ಕಡೆ ಹಳೇ ಬಾವಿಯ ಹೂಳೆತ್ತುವ ಮೊದಲು ಹಗ್ಗಕ್ಕೆ ಲಾಟೀನು ಕಟ್ಟಿ ಕೆಳಗೆ ಬಿಡುತ್ತಿದ್ದರು. ದೀಪ ಆರಿದರೆ ಆ ದಿನ ಯಾರೂ ಇಳಿಯುತ್ತಿರಲಿಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆಯ ಹಿರಿಯರಿಗೆ ಇದು ಗೊತ್ತು. ರೀಲ್ಸ್ ನೋಡಿ ಗುಹೆ ಹುಡುಕಿಕೊಂಡು ಗುಡ್ಡ ಹತ್ತುವ ಹುಡುಗರಿಗೆ ಇದನ್ನು ಹೇಳುವವರು ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಸುಮಾರು 21%. ಅದು 16ರ ಆಸುಪಾಸಿಗೆ ಇಳಿದರೆ ದೀಪ ಆರುತ್ತದೆ. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಎಲೆ ಕೊಳೆತ ಗುಂಡಿಯಲ್ಲಿ, ಗಾಳಿಯಾಡದ ಗುಹೆಯ ತಗ್ಗಿನಲ್ಲಿ ಅದು ನೀರಿನ ಹಾಗೆ ನಿಂತುಬಿಡುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಅದರ ಪಾಲು 10% ದಾಟಿದರೆ ಕೆಲವೇ ನಿಮಿಷದಲ್ಲಿ ಎಚ್ಚರ ತಪ್ಪುತ್ತದೆ. ಲಾಟೀನು ಎಲ್ಲ ವಿಷಾನಿಲವನ್ನೂ ಹಿಡಿಯಲಾರದು. ಮೀಥೇನ್ ಇದ್ದರಂತೂ ಬೆಂಕಿಯೇ ಅಪಾಯ. ಈಗ ಆ ಕೆಲಸಕ್ಕೆ ಗ್ಯಾಸ್ ಮೀಟರ್ ಇದೆ.

ಒಬ್ಬ ಕೆಳಗೆ ಬಿದ್ದ ಅಂದುಕೊಳ್ಳಿ. ಮೇಲಿದ್ದ ಅಣ್ಣ ಸುಮ್ನೆ ನಿಲ್ಲುತ್ತಾನಾ? ಇಳಿಯುತ್ತಾನೆ. ಅದೇ ಗಾಳಿ, ಅದೇ ನಿಮಿಷ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ನಿಯೋಶ್ 1986ರಲ್ಲೇ ಎಚ್ಚರಿಸಿತ್ತು: ಟ್ಯಾಂಕು, ಗುಂಡಿಯಂಥ ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರಲ್ಲಿ 60%ಗಿಂತ ಜಾಸ್ತಿ ಜನ ಕಾಪಾಡಲು ಹೋದವರು. ಈ ಅಂಕಿ ಓದಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಪ್ರೀತಿಯಿಂದ ಇಳಿದವರು ಇವರೆಲ್ಲ.

ನಮ್ಮ ಗುಡ್ಡಗಳದ್ದು ಇನ್ನೊಂದು ಗುಣವಿದೆ. ಮೇಲೆ ಜಂಬಿಟ್ಟಿಗೆ ಕಲ್ಲಿನ ಗಟ್ಟಿ ಹೊದಿಕೆ, ಅದರ ಕೆಳಗೆ ಮೆತ್ತನೆ ಜೇಡಿಮಣ್ಣು. ಮಳೆನೀರು ಆ ಮಣ್ಣನ್ನು ಕೊರೆದು ಒಯ್ದಾಗ ಕೆಳಗೆ ಪೊಳ್ಳಾಗುತ್ತದೆ. ಇಂಥ ಗುಹೆ ಅಂದರೆ ನೀರು ಮಾಡಿಕೊಂಡ ದಾರಿ. ಬೇಸಿಗೆಯಲ್ಲಿ ಒಣಗಿರುತ್ತದೆ ಅಷ್ಟೇ, ದಾರಿ ನೀರಿನದ್ದೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಅದೆಲ್ಲ ಎಲ್ಲೋ ಒಂದು ಕಡೆ ಹೋಗಬೇಕಲ್ವಾ?

2018ರ ಜೂನ್ 23. ಇಲ್ಲಿ ಆರಿದ್ರಾ ಮಳೆಯ ದಿನಗಳು. ಅದೇ ನೈರುತ್ಯ ಮುಂಗಾರು ಥಾಯ್ಲೆಂಡಿನಲ್ಲೂ ಸುರಿಯುತ್ತಿತ್ತು. ಫುಟ್ಬಾಲ್ ಅಭ್ಯಾಸ ಮುಗಿಸಿದ 12 ಹುಡುಗರು ಮತ್ತು ಅವರ ಕೋಚ್ ಥಾಮ್ ಲುವಾಂಗ್ ಗುಹೆ ಹೊಕ್ಕರು. ಹಿಂದೆ ನೀರು ಏರಿ ದಾರಿ ಮುಚ್ಚಿತು. ಅವರು ಸಿಕ್ಕಿದ್ದು ಜುಲೈ 2ರಂದು, ಬಾಯಿಯಿಂದ ಸುಮಾರು 4 ಕಿಲೋಮೀಟರ್ ಒಳಗೆ. ಜುಲೈ 6ರಂದು ಒಳಗೆ ಗಾಳಿಯ ಸಿಲಿಂಡರ್ ಇಟ್ಟು ವಾಪಸ್ ಬರುತ್ತಿದ್ದ ಸಮಾನ್ ಕುನಾನ್ ನೀರಿನಲ್ಲೇ ಸತ್ತರು. ಅವರು ಥಾಯ್ ನೌಕಾಪಡೆಯ ಮಾಜಿ ಮುಳುಗುಗಾರ. ಅಂಥವರಿಗೇ ಹೀಗಾಯಿತು. ಕೊನೆಗೆ ಹುಡುಗರಿಗೆ ಅರಿವಳಿಕೆ ಕೊಟ್ಟು ಮೂರು ದಿನಗಳಲ್ಲಿ ಒಬ್ಬೊಬ್ಬರನ್ನೇ ಹೊರತಂದರು. ಎಚ್ಚರವಿದ್ದ ಮಗು ನೀರೊಳಗೆ ಗಾಬರಿಯಾದರೆ ತನ್ನ ಜೊತೆ ಮುಳುಗುಗಾರನನ್ನೂ ಎಳೆದುಕೊಳ್ಳುತ್ತದೆ. ಕೆರೆಯಲ್ಲಿ ಮುಳುಗುವವನು ಈಜುಗಾರನ ಕುತ್ತಿಗೆ ಹಿಡಿದ ಹಾಗೆ.

ನೀರೇ ಇರಬೇಕೆಂದಿಲ್ಲ. 2009ರಲ್ಲಿ ಅಮೆರಿಕದ ಯೂಟಾದ ನಟ್ಟಿ ಪುಟ್ಟಿ ಗುಹೆಯಲ್ಲಿ 26 ವರ್ಷದ ಯುವಕನೊಬ್ಬ ಇಕ್ಕಟ್ಟಾದ ಸಂದಿಯಲ್ಲಿ ತಲೆಕೆಳಗಾಗಿ ಸಿಕ್ಕಿಕೊಂಡ. ನೂರಕ್ಕೂ ಹೆಚ್ಚು ಜನ ಕಾಪಾಡಲು ಬಂದಿದ್ದರು. ಆದರೆ ಅವನ ಹತ್ತಿರ ಹೋಗಲು ಜಾಗವಿದ್ದದ್ದು ಒಬ್ಬರಿಗೆ ಮಾತ್ರ. ರಾಟೆ ಹಾಕಿ ಎಳೆದರು, ರಾಟೆಯ ಆಸರೆ ಕಿತ್ತು ಬಂತು. ತಲೆಕೆಳಗಾದ ದೇಹದಲ್ಲಿ ಹೃದಯಕ್ಕೂ ಉಸಿರಿಗೂ ಹೊರೆ ಏರುತ್ತಲೇ ಹೋಗುತ್ತದೆ. ಸುಮಾರು 27 ಗಂಟೆಗಳ ನಂತರ ಅವನು ತೀರಿಕೊಂಡ. ದೇಹ ತೆಗೆಯಲಾಗಲಿಲ್ಲ. ಗುಹೆಯನ್ನೇ ಮುಚ್ಚಿದರು.

ಕೊಡಚಾದ್ರಿಯ ತಪ್ಪಲಲ್ಲಿ ಹೀಗಾದರೆ? ಸಿಗ್ನಲ್ ಹುಡುಕಿಕೊಂಡು ಒಬ್ಬ ಗುಡ್ಡ ಹತ್ತಬೇಕು. 112ಕ್ಕೋ 101ಕ್ಕೋ ಕರೆ ಹೋಗಬೇಕು. ತಿರುವಿನ ರಸ್ತೆಯಲ್ಲಿ ಗಾಡಿ ಬರಬೇಕು. ಅಲ್ಲಿಯವರೆಗೆ ಹೊರಗಿದ್ದವರು ಹೊರಗೇ ನಿಂತು, ಕೂಗಿ ಮಾತಾಡಿಸುತ್ತಾ, ಸಾಧ್ಯವಾದರೆ ಹಗ್ಗ ಇಳಿಸುತ್ತಾ ಕಾಯಬೇಕು. ಹಾಗೆ ಕಾಯುವುದು ಇಳಿಯುವುದಕ್ಕಿಂತ ಕಷ್ಟ, ನನಗೆ ಗೊತ್ತು.

ಅನುಭವಿಗಳು ಗುಹೆಗೆ ಒಬ್ಬರೇ ಹೋಗುವುದಿಲ್ಲ, ತಲೆಗೆ ಹೆಲ್ಮೆಟ್ ಹಾಕುತ್ತಾರೆ, ಮೂರು ಬೇರೆ ಬೇರೆ ಟಾರ್ಚ್ ಒಯ್ಯುತ್ತಾರೆ. ಅದಕ್ಕಿಂತ ಮೊದಲು ಎಲ್ಲಿಗೆ ಹೋಗುತ್ತೇವೆ, ಎಷ್ಟು ಗಂಟೆಗೆ ವಾಪಸ್ ಅಂತ ಮನೆಯಲ್ಲಿ ಹೇಳುತ್ತಾರೆ. ಥಾಯ್ಲೆಂಡಿನಲ್ಲಿ ಅವತ್ತು ಗುಹೆಗೆ ಹೋಗದೆ ಉಳಿದ ಹುಡುಗನೊಬ್ಬ, ಉಳಿದವರು ಎಲ್ಲಿಗೆ ಹೋದರೆಂದು ಹೇಳಿದ್ದ. ಹುಡುಕಿಕೊಂಡು ಹೋದವರಿಗೆ ಗುಹೆಯ ಬಾಯಲ್ಲಿ ಮೊದಲು ಕಂಡದ್ದು ಹುಡುಗರ ಸೈಕಲ್ಲುಗಳು.