ಮಂಗಲ ಕಾರ್ಯಾಲಯದ ಬಾಡಿಗೆ: ಚೌಕಾಸಿ ಎಲ್ಲಿ ಮಾಡಬೇಕು?

ವಿಜಯಪುರದಲ್ಲಿ ಮದುವೆ, ನಿಶ್ಚಯ, ಕುಬಸದ (ಸೀಮಂತದ) ಕಾರ್ಯಕ್ರಮಗಳನ್ನು ನಡೆಸಿಕೊಡುವುದು ನನ್ನ ಕೆಲಸ. ಮಂಗಲ ಕಾರ್ಯಾಲಯ ಹಿಡಿಯಲು ಬರುವವರು ಬಹುತೇಕ ಒಂದೇ ಮಾತಿಗೆ ಜೋತುಬೀಳುತ್ತಾರೆ: ‘ಬಾಡಿಗ್ಯಾಗ ಎಷ್ಟ್ ಕಡಿಮಿ ಮಾಡ್ತೀರಿ?’ ಮ್ಯಾನೇಜರ್ ಐದು ಸಾವಿರ ಇಳಿಸುತ್ತಾರೆ, ಇವರು ಸಮಾಧಾನದಿಂದ ಅಡ್ವಾನ್ಸ್ ಕೊಟ್ಟು ಬರುತ್ತಾರೆ. ಮದುವೆ ಮುಗಿದ ಸಂಜೆ ಬರುವ ಬಿಲ್ಲಿನಲ್ಲಿ ಅದರ ಎರಡು ಮೂರು ಪಟ್ಟು ಬೇರೆ ಬಾಬತ್ತುಗಳಲ್ಲಿ ಸೇರಿಕೊಂಡಿರುತ್ತದೆ. ಸೊಸೈಟಿಯಲ್ಲಿ ಸಾಲ ಎತ್ತಿ ಮಗಳ ಮದುವೆ ಮಾಡುವ ಮನೆಗೆ ಇದು ಸಣ್ಣ ಪೆಟ್ಟಲ್ಲ.

ದರ ನಿಜವಾಗಿ ನಿರ್ಧಾರವಾಗುವುದು ತಾರೀಖಿನ ಮೇಲೆ. ವೈಶಾಖದ ರವಿವಾರ, ಅಕ್ಷಯ ತೃತೀಯದಂಥ ದಿನ ಹಿಡಿದುಕೊಂಡು ಹೋದರೆ ಮಾಲಕರು ಒಂದು ರೂಪಾಯಿ ಬಿಡುವುದೂ ಕಷ್ಟ. ನಿಮ್ಮ ಹಿಂದೆಯೇ ಇನ್ನೊಬ್ಬರು ಬಾಗಿಲಲ್ಲಿ ನಿಂತಿರುತ್ತಾರೆ. ಆದ್ದರಿಂದ ಕಾರ್ಯಾಲಯಕ್ಕೆ ಹೋಗುವ ಮೊದಲೇ ಶಾಸ್ತ್ರಿಗಳಿಂದ ಮೂರು ನಾಲ್ಕು ಮುಹೂರ್ತ ಬರೆಸಿಕೊಳ್ಳಿ, ಅದರಲ್ಲಿ ಎರಡಾದರೂ ವಾರದ ನಡುವಿನ ದಿನ ಇರಲಿ. ‘ಈ ನಾಲ್ಕರಾಗ ನಿಮಗ ಯಾವುದು ಖಾಲಿ ಐತ್ರಿ, ಯಾವುದಕ್ಕ ಎಷ್ಟು?’ ಎಂದು ಕೇಳಿದ ಕೂಡಲೇ ಮಾತಿನ ಧಾಟಿ ಬದಲಾಗುತ್ತದೆ. ಖಾಲಿ ಬೀಳುವ ದಿನ ತುಂಬುವುದು ಅವರಿಗೂ ಬೇಕು. ಲಗ್ನಪತ್ರಿಕೆ ಅಚ್ಚಿಗೆ ಹೋಗಿದೆ ಎಂದು ಮಾತ್ರ ಬಾಯಿಬಿಡಬೇಡಿ.

ಆಷಾಢ, ಧನುರ್ಮಾಸ, ಪಿತೃಪಕ್ಷದಲ್ಲಿ ಹೆಚ್ಚಿನ ಕಾರ್ಯಾಲಯಗಳು ಬಣಗುಟ್ಟುತ್ತವೆ. ನಿವೃತ್ತಿ ಸಮಾರಂಭ, ಸಹಕಾರಿ ಸಂಘದ ವಾರ್ಷಿಕ ಸಭೆಗೆ ಮುಹೂರ್ತದ ಹಂಗಿಲ್ಲ. ಆಗಲೂ ಸೀಸನ್ ದರವನ್ನೇ ಕೊಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಈಗ ಬಿಲ್ಲಿನ ವಿಷಯ. ಬಾಡಿಗೆ 1,20,000 ರೂಪಾಯಿ ಎನ್ನೋಣ. 18% ಜಿಎಸ್‌ಟಿ ಸೇರಿದರೆ 1,41,600. ಇದರ ಮೇಲೆ ಕರೆಂಟ್, ಡೀಸೆಲ್, ಸ್ವಚ್ಛತೆ, ಪಾತ್ರೆ, ಹೆಚ್ಚುವರಿ ರೂಮು ಎಂದು ಇನ್ನೊಂದು 30,000 ಏರಿತು ಎಂದಿಟ್ಟುಕೊಳ್ಳಿ. ಬಾಡಿಗೆಯಲ್ಲಿ 5,000 ಇಳಿಸಿಕೊಂಡರೆ ತೆರಿಗೆಯೂ ಸೇರಿ ಉಳಿಯುವುದು 5,900. ಅದೇ ಸ್ವಚ್ಛತೆ, ಪಾತ್ರೆ, ರೂಮುಗಳನ್ನು ಬಾಡಿಗೆಯೊಳಗೇ ಸೇರಿಸಿಕೊಂಡರೆ ಉಳಿತಾಯ ಇದಕ್ಕಿಂತ ದೊಡ್ಡದು. ಬಾಡಿಗೆ ಇಳಿಸಲು ಮ್ಯಾನೇಜರಿಗೆ ಮಾಲಕರ ಅಪ್ಪಣೆ ಬೇಕು. ನಾಲ್ಕು ರೂಮು ಬಿಟ್ಟುಕೊಡಲು, ಹಿಂದಿನ ಸಂಜೆ ಆರರ ಬದಲು ನಾಲ್ಕಕ್ಕೇ ಕೀಲಿ ಕೊಡಲು ಎಷ್ಟೋ ಕಡೆ ಬೇಕಾಗುವುದಿಲ್ಲ. ಹೊರಗಿನ ಡೆಕೋರೇಷನ್‌ನವರನ್ನು ಕರೆತಂದರೆ ಕೆಲವು ಕಡೆ ‘ರಾಯಲ್ಟಿ’ ಎಂದು ಬೇರೆ ಹಣ ಕೇಳುತ್ತಾರೆ. ಅದನ್ನು ಅಡ್ವಾನ್ಸ್ ಕೊಡುವ ಮೊದಲೇ ತೆಗೆಸಬೇಕು, ಆಮೇಲೆ ಆಗದು.

ಕರೆಂಟು ಮತ್ತು ಡೀಸೆಲ್ ಬಗ್ಗೆ ಬೇಸಿಗೆಯಲ್ಲಿ ವಿಶೇಷ ಎಚ್ಚರ ಬೇಕು. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಕೂಲರ್, ಏಸಿ ಇಡೀ ದಿನ ಓಡುತ್ತವೆ. ಯೂನಿಟ್‌ಗೆ ಎಷ್ಟು, ಜನರೇಟರಿಗೆ ತಾಸಿಗೆ ಎಷ್ಟು ಎಂದು ಮೊದಲೇ ಕೇಳಿ ಬರೆಸಿಕೊಳ್ಳಿ. ಕೀಲಿ ತೆಗೆದುಕೊಳ್ಳುವಾಗ ಮ್ಯಾನೇಜರನ್ನು ಜೊತೆಗೇ ಕರೆದುಕೊಂಡು ಮೀಟರ್ ಬೋರ್ಡಿನ ಮುಂದೆ ನಿಂತು ರೀಡಿಂಗಿನ ಫೋಟೊ ತೆಗೆಯಿರಿ. ಜನರೇಟರಿನ ಪ್ಯಾನೆಲ್ ಮೇಲೂ ತಾಸು ತೋರಿಸುವ ಪುಟ್ಟ ಮೀಟರ್ ಇರುತ್ತದೆ, ಅದರದ್ದೂ ಒಂದು ಫೋಟೊ. ಹಿಂದಿನ ಕಾರ್ಯದವರು ಇನ್ನೂ ಸಾಮಾನು ಎತ್ತುತ್ತಿದ್ದರೆ ಅವರು ಹೊರಟ ಮೇಲೆಯೇ ರೀಡಿಂಗ್ ಬರೆಸಿ. ಇಲ್ಲವಾದರೆ ಅವರ ಫ್ಯಾನಿನ ಖರ್ಚು ನಿಮ್ಮ ತಲೆಗೆ. ಬೋರ್‌ವೆಲ್ ನೀರು ಸಾಲದಿದ್ದರೆ ಟ್ಯಾಂಕರ್ ಯಾರು ತರಿಸಬೇಕು ಎಂಬುದನ್ನೂ ಅದೇ ಹಾಳೆಯಲ್ಲಿ ಸೇರಿಸಿ.

ಮಾತುಕತೆಗೆ ಬೀಗರನ್ನು ಕರೆದೊಯ್ಯಬೇಡಿ. ಅವರ ಎದುರು ‘ಸ್ವಲ್ಪ ಬಿಡ್ರಿ ಅಣ್ಣಾರ’ ಎನ್ನಲು ಹೆಣ್ಣಿನ ತಂದೆಗೆ ಬಾಯಿ ಬರುವುದಿಲ್ಲ. ಅದು ಮ್ಯಾನೇಜರಿಗೂ ಗೊತ್ತು. ಇಬ್ಬರು ಹೋಗಿ, ಒಬ್ಬರೇ ಮಾತಾಡಿ. ಬೀಗರು ಹಾಲ್ ನೋಡಲೇಬೇಕೆಂದರೆ ಬೇರೆ ದಿನ ತೋರಿಸಿ. ಇನ್ನೆರಡು ಕಾರ್ಯಾಲಯಗಳ ದರ ಕೇಳಿಕೊಂಡು ಹೋಗಿದ್ದರೆ ಅದನ್ನು ಇದ್ದಂತೆ ಹೇಳಿ. ಇಲ್ಲದ ದರ ಕಟ್ಟಿ ಹೇಳಿದರೆ ಊರೊಳಗೆ ಒಬ್ಬರಿಗೊಬ್ಬರು ಫೋನ್ ಮಾಡಿಕೊಳ್ಳುವ ಮಾಲಕರ ಮುಂದೆ ನಿಮ್ಮ ಮಾತಿಗೆ ಬೆಲೆ ಹೋಗುತ್ತದೆ.

ರಾತ್ರಿ ಆರತಕ್ಷತೆ ಇಟ್ಟುಕೊಂಡವರು ಡಿಜೆಗೆಂದು ಮಧ್ಯರಾತ್ರಿವರೆಗೆ ಹೆಚ್ಚಿನ ಬಾಡಿಗೆ ಕಟ್ಟುವ ಮುನ್ನ ಯೋಚಿಸಿ: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಕಾನೂನಿನ ನಿರ್ಬಂಧವಿದೆ.

ಎಲ್ಲಕ್ಕಿಂತ ಹೆಚ್ಚು ಜನ ಕೇಳದೆ ಬಿಡುವ ಮಾತೆಂದರೆ ಸೂತಕದ್ದು. ಮನೆಯಲ್ಲಿ ಸಾವಾಗಿ ಮದುವೆ ಮುಂದಕ್ಕೆ ಹೋದರೆ ಅಡ್ವಾನ್ಸ್ ಏನಾಗುತ್ತದೆ? ಹಣ ವಾಪಸ್ ಕೇಳಿದರೆ ಮಾಲಕರು ಒಪ್ಪುವುದು ಕಡಿಮೆ. ‘ಆರು ತಿಂಗಳೊಳಗ ಖಾಲಿ ಇದ್ದ ಇನ್ನೊಂದು ದಿನ ಇದ ಅಡ್ವಾನ್ಸಿನ್ಯಾಗ ಕೊಡ್ರಿ’ ಎಂದರೆ ಬಹಳಷ್ಟು ಮಂದಿ ತಲೆಯಾಡಿಸುತ್ತಾರೆ, ಸಾವಿನ ಮಾತು ಬಂದಾಗ ಯಾರ ಮನಸ್ಸೂ ಕರಗುತ್ತದೆ. ಆಗಲೇ ಅದನ್ನು ರಸೀದಿಯ ಮೇಲೆ ಬರೆಸಿ, ಸಹಿ ಮಾಡಿಸಿ. ದುಃಖದಲ್ಲಿರುವ ಮನೆಯವರು ಇದಕ್ಕಾಗಿ ಕಾರ್ಯಾಲಯಕ್ಕೆ ಅಲೆಯುವುದನ್ನು ನೋಡಲಾಗದು.

ತೆರಿಗೆಯ ಬಗ್ಗೆ ಎರಡು ಮಾತು. ಜಿಎಸ್‌ಟಿ ಹಾಕಿದರೆ ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆ ಇರಲೇಬೇಕು. ನೋಂದಣಿ ಇಲ್ಲದವರು ಅದನ್ನು ವಸೂಲಿ ಮಾಡುವಂತಿಲ್ಲ. ‘ಬಿಲ್ ಬ್ಯಾಡ ಅಂದ್ರ ಕಡಿಮಿ ಆಗ್ತೈತಿ’ ಎಂಬ ಮಾತಿಗೆ ಒಪ್ಪಬೇಡಿ, ನಾಳೆ ತಕರಾರು ಬಂದರೆ ಕೈಯಲ್ಲಿ ಕಾಗದವೇ ಇರುವುದಿಲ್ಲ. ಸಾರ್ವಜನಿಕ ಧಾರ್ಮಿಕ ಸ್ಥಳದ ಆವರಣದಲ್ಲಿರುವ, ಆದಾಯ ತೆರಿಗೆ ಕಾಯ್ದೆಯಡಿ ನೋಂದಾದ ಧಾರ್ಮಿಕ ಟ್ರಸ್ಟಿನ ಕಲ್ಯಾಣ ಮಂಟಪಕ್ಕೆ ದಿನದ ಬಾಡಿಗೆ 10,000 ರೂಪಾಯಿಗಿಂತ ಕಡಿಮೆಯಿದ್ದರೆ ಜಿಎಸ್‌ಟಿ ಇಲ್ಲ. ಇನ್ನೂರು ಜನರ ನಿಶ್ಚಯಕ್ಕೋ ಕುಬಸಕ್ಕೋ ಜಾಗ ಹುಡುಕುತ್ತಿದ್ದರೆ ಮೊದಲು ಅಂಥಲ್ಲಿ ವಿಚಾರಿಸಿ.