ಕರೆಂಟ್ ಹೋದರೆ ಸಬ್‌ಮರೀನ್ ತಳಕ್ಕೆ ಕೂತುಬಿಡುತ್ತಾ?

ಮತ್ತೆ ಅದೇ ಪ್ರಶ್ನೆ. ಈ ಸಲ ಅರಸೀಕೆರೆಯಿಂದ ಬಂದಿದೆ. "ಮಗಳು ಮಾರಿಷಸ್‌ನಲ್ಲಿ ಸಬ್‌ಮರೀನ್ ಟಿಕೆಟ್ ಮಾಡಿಸಿದ್ದಾಳೆ ಸರ್. ನೀರಿನಡಿ ಬ್ಯಾಟರಿ ಕೈಕೊಟ್ಟರೆ ನಮ್ಮ ಗತಿ?"

ಮೇಲಕ್ಕೆ ಬರ್ತೀರಿ, ಅಷ್ಟೆ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ತಪ್ಪು ಎಲ್ಲಿ ಅಂದರೆ, ನಾವು ಸಬ್‌ಮರೀನನ್ನು ವಿಮಾನದ ಹಾಗೆ ನೋಡುತ್ತೇವೆ. ವಿಮಾನ ಮೇಲಿರಬೇಕಾದರೆ ಇಂಜಿನ್ ದುಡಿಯಬೇಕು. ಪ್ರವಾಸಿಗರ ಸಬ್‌ಮರೀನ್ ಉಲ್ಟಾ. ಅದು ಕೆಳಗಿರಬೇಕಾದರೆ ಮೋಟಾರ್ ದುಡಿಯಬೇಕು. ಬಾವಿಯಲ್ಲಿ ಈಜು ಕಲಿತವರು ಬೆನ್ನಿಗೆ ಕಟ್ಟಿಕೊಂಡ ಸೋರೆಬುರುಡೆ ನೆನಪು ಮಾಡಿಕೊಳ್ಳಿ. ನೀರೊಳಗೆ ಅದುಮಿ ಹಿಡಿದಷ್ಟು ಹೊತ್ತು ಒಳಗಿರುತ್ತದೆ. ಕೈ ಬಿಟ್ಟರೆ ಪುಳಕ್ಕನೆ ಮೇಲೆ. ಸಬ್‌ಮರೀನಿನಲ್ಲಿ ಹಾಗೆ ಅದುಮುವ ಕೈ ಅಂದರೆ ಕೆಳಮುಖವಾಗಿ ನೂಕುವ ಪ್ರೊಪೆಲ್ಲರ್. ಬ್ಯಾಟರಿ ಸತ್ತರೆ ಕೈ ಬಿಟ್ಟ ಹಾಗಾಯಿತು.

"ಹಾಗಾದರೆ ಟ್ಯಾಂಕಿಗೆ ನೀರು ತುಂಬಿಸಿಕೊಳ್ಳೋದು ಯಾಕೆ?" ಇದು ಯಾವಾಗಲೂ ಎರಡನೇ ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ. ಟ್ಯಾಂಕಿನಲ್ಲಿ ಬರೀ ಗಾಳಿ ಇದ್ದರೆ ಸಬ್‌ಮರೀನ್ ತುಂಬಾ ಹಗುರ, ಯಾವ ಪ್ರೊಪೆಲ್ಲರ್ ನೂಕಿದರೂ ಜಗ್ಗುವುದಿಲ್ಲ. ಕಾಫಿ ತೋಟದವರು ಹಣ್ಣನ್ನು ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹಾಕುವ ಮುಂಚೆ ನೀರಿನ ತೊಟ್ಟಿಗೆ ಸುರಿಯುತ್ತೀರಲ್ಲ? ಗಟ್ಟಿ ಹಣ್ಣು ಮುಳುಗುತ್ತದೆ, ಜೊಳ್ಳು ತೇಲುತ್ತದೆ. ಗಾತ್ರ ಎರಡರದ್ದೂ ಒಂದೇ. ಟ್ಯಾಂಕಿನ ಗಾಳಿ ಬಿಟ್ಟು ನೀರು ತುಂಬಿಸಿ, ಆ ದಿನ ಎಷ್ಟು ಜನ ಹತ್ತಿದ್ದಾರೆ ನೋಡಿ ಇನ್ನೊಂದಿಷ್ಟು ನೀರು ಹೆಚ್ಚುಕಡಿಮೆ ಮಾಡಿ, ಸಬ್‌ಮರೀನನ್ನು 'ಇನ್ನೇನು ಮುಳುಗಬೇಕು' ಅನ್ನುವ ಜೊಳ್ಳಿನ ಹದಕ್ಕೆ ತರುತ್ತಾರೆ. ಆದರೂ ಅದು ಜೊಳ್ಳೇ. ಆ ಕೊನೆಯ ಚೂರು ಹಗುರವನ್ನು ಬೇಕಂತಲೇ ಉಳಿಸುವುದು.

ಮೇಲೆ ಬರುವುದು ನಿಧಾನ ಅನ್ನಿಸಿದರೆ ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿ ಇದೆ. ಅದನ್ನು ಬಿಟ್ಟರೆ ಟ್ಯಾಂಕಿನ ನೀರು ಹೊರಗೆ. ಅದೂ ಸಾಲದಿದ್ದರೆ ಹೊಟ್ಟೆಯಡಿ ಕಳಚಿ ಬೀಳಿಸುವ ಭಾರ ಇರುತ್ತದೆ. ಅಪಾಯವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಮೇಲಿನ ಬಾಗಿಲು ಸರಿಯಾಗಿ ಮುಚ್ಚದೆ ಒಳಗೇ ನೀರು ನುಗ್ಗಿದರೆ ಈ ಲೆಕ್ಕವೆಲ್ಲ ಕೆಡುತ್ತದೆ. ಆದರೆ ಭಯಪಡುವುದಾದರೆ ಬಾಗಿಲಿಗೆ ಭಯಪಡಿ, ಬ್ಯಾಟರಿಗಲ್ಲ! ಟೈಟಾನಿಕ್ ಹಡಗಿನ ಅವಶೇಷ ನೋಡಲು ಹೋಗಿ 2023ರಲ್ಲಿ ಒಡೆದುಹೋದ ಟೈಟನ್ ಅನ್ನುವ ಪುಟ್ಟ ಸಬ್‌ಮರೀನನ್ನೂ ಇದಕ್ಕೆ ತಂದು ಗಂಟು ಹಾಕಬೇಡಿ. ಅದು ಹೊರಟಿದ್ದು ಸುಮಾರು 3,800 ಮೀಟರ್ ಆಳಕ್ಕೆ. ನೀವು ಹೋಗುವುದು 30–40 ಮೀಟರ್.

ಉಳಿದದ್ದು ಸುಲಭ. 30 ಮೀಟರ್ ಆಳದಲ್ಲಿ ಕಿಟಕಿಯ ಒಂದೊಂದು ಚದರ ಸೆಂಟಿಮೀಟರಿಗೂ ನೀರು ಸುಮಾರು 3 ಕಿಲೋ ಭಾರದಷ್ಟು ಒತ್ತುತ್ತದೆ. ಅದಕ್ಕೇ ಅಷ್ಟು ದಪ್ಪ ಅಕ್ರಿಲಿಕ್. ಒಳಗೆ ಮಾತ್ರ ನೆಲದ ಮೇಲಿನಷ್ಟೇ ಒತ್ತಡ, ಕಿವಿ ನೋಯುವುದಿಲ್ಲ. ನಾವು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಸೋಡಾ ಲೈಮ್ ಅನ್ನುವ ಸುಣ್ಣದ ಮಿಶ್ರಣ ಹೀರಿಕೊಳ್ಳುತ್ತದೆ, ಸಿಲಿಂಡರಿನಿಂದ ಆಮ್ಲಜನಕ ಸ್ವಲ್ಪಸ್ವಲ್ಪವೇ ಬರುತ್ತದೆ.

ಇನ್ನು ಯಾರೂ ಕೇಳದ ಪ್ರಶ್ನೆ. ಇಂಥದ್ದೊಂದನ್ನು ನಮ್ಮ ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರಿಗೆ ತಂದು ಬಿಟ್ಟರೆ? ಹಾಗೇ ಬಿಟ್ಟರೆ ಬ್ಯಾಟರಿ ಚೆನ್ನಾಗಿದ್ದರೂ ತಳ ಸೇರುತ್ತದೆ! ಉಪ್ಪುನೀರು ಸಿಹಿನೀರಿಗಿಂತ ಶೇಕಡ 2.5ರಷ್ಟು ಭಾರ. ಸಮುದ್ರಕ್ಕೆ ಹದ ಮಾಡಿದ 100 ಟನ್ನಿನ ಸಬ್‌ಮರೀನ್ ಹೇಮಾವತಿಯಲ್ಲಿ ಟ್ಯಾಂಕ್ ತುಂಬಿಸಿಕೊಂಡರೆ, ಹತ್ತಿರ ಹತ್ತಿರ ಎರಡೂವರೆ ಟನ್ ಜಾಸ್ತಿ ಭಾರವಾಗುತ್ತದೆ. ಅಷ್ಟನ್ನು ಮೊದಲೇ ಇಳಿಸಿ ಹೊಸದಾಗಿ ಹದ ಮಾಡಬೇಕು.

ಮಾಡಿದಿರಿ ಅಂತಲೇ ಇಟ್ಟುಕೊಳ್ಳಿ. ಆ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ಪಾಳು ಚರ್ಚನ್ನು ನೀರೊಳಗಿಂದ ನೋಡುವ ಆಸೆ ತಾನೇ? ಅದು ಮುಳುಗುವುದು ಮಳೆಗಾಲದಲ್ಲಿ. ಆಗ ನೀರು ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣ, ಕಿಟಕಿಯಾಚೆ ಏನೂ ಕಾಣುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಹೋಗಿ. ಚಪ್ಪಲಿ ಹಾಕಿಕೊಂಡು ಚರ್ಚಿನ ಒಳಗೇ ನಡೆದು ಬರಬಹುದು.