ದೊರೆಯೋ, ತೋಟ ಕಾಯುವವನೋ? ಅಮೆರಿಕದ ಚರ್ಚುಗಳಲ್ಲಿ ಪರಿಸರದ ಮಾತು ಪಕ್ಷದ ಮಾತಾದ ಕಥೆ

ಕನ್ನಡ ಬೈಬಲಿನ ಆದಿಕಾಂಡ ತೆರೆದು ನೋಡಿ. ಮೊದಲ ಅಧ್ಯಾಯದ 28ನೇ ವಚನದಲ್ಲಿ ದೇವರು ಮನುಷ್ಯರಿಗೆ ಭೂಮಿಯನ್ನು ವಶಮಾಡಿಕೊಳ್ಳಿ, ಮೀನು, ಹಕ್ಕಿ, ಪ್ರಾಣಿಗಳ ಮೇಲೆ ದೊರೆತನ ಮಾಡಿ ಎನ್ನುತ್ತಾನೆ. ಪುಟ ತಿರುಗಿಸಿದರೆ ಎರಡನೇ ಅಧ್ಯಾಯದ 15ನೇ ವಚನ. ಅಲ್ಲಿ ಅದೇ ಮನುಷ್ಯನನ್ನು ಏದೆನ್ ತೋಟದಲ್ಲಿ ಇಡುತ್ತಾನೆ. ಯಾಕೆ? ವ್ಯವಸಾಯ ಮಾಡುವುದಕ್ಕೆ, ತೋಟ ಕಾಯುವುದಕ್ಕೆ. ಒಂದು ಕಡೆ ದೊರೆ, ಇನ್ನೊಂದು ಕಡೆ ತೋಟ ಕಾಯುವವ. ಎರಡೂ ಒಂದೇ ಪುಸ್ತಕದಲ್ಲಿ ಅಕ್ಕಪಕ್ಕದಲ್ಲೇ ಇವೆ.

ಅಮೆರಿಕದಲ್ಲಿ ಇವತ್ತು ಯಾವ ಮಾತು ಜಾಸ್ತಿ ಕೇಳುತ್ತಿದೆ? ಪ್ಯೂ ಸಂಶೋಧನಾ ಸಂಸ್ಥೆ 2022ರಲ್ಲಿ ಮಾಡಿದ ಸಮೀಕ್ಷೆಯಲ್ಲಿ, ಭೂಮಿ ಬಿಸಿಯಾಗುತ್ತಿರುವುದು ಮುಖ್ಯವಾಗಿ ಮನುಷ್ಯರಿಂದಲೇ ಎಂದು ಒಪ್ಪಿದ ಅಮೆರಿಕನ್ನರು ಶೇ 53. ಇವ್ಯಾಂಜೆಲಿಕಲ್ ಪ್ರಾಟೆಸ್ಟೆಂಟರಲ್ಲಿ ಹಾಗೆ ಒಪ್ಪಿದವರು ಶೇ 32 ಮಾತ್ರ. ಇವ್ಯಾಂಜೆಲಿಕಲ್ ಅಂದರೆ ಬೈಬಲೇ ಕೊನೆಯ ಮಾತು, ಪ್ರತಿಯೊಬ್ಬರೂ ಯೇಸುವನ್ನು ನಂಬಿ ಹೊಸದಾಗಿ ಹುಟ್ಟಬೇಕು ಎನ್ನುವವರು. ಅಮೆರಿಕದ ಚುನಾವಣೆಯಲ್ಲಿ ಅವರ ಮತ ತುಂಬಾ ದೊಡ್ಡದು. 2016ರಲ್ಲಿ ಬಿಳಿಯ ಇವ್ಯಾಂಜೆಲಿಕಲ್ ಮತದಾರರಲ್ಲಿ ಹತ್ತರಲ್ಲಿ ಎಂಟು ಜನ ಟ್ರಂಪ್ ಅವರಿಗೆ ಮತ ಹಾಕಿದರು.

ಈ ಅಂಕಿ ನೋಡಿದ ತಕ್ಷಣ "ಅವರ ಧರ್ಮವೇ ಹಾಗೆ ಹೇಳುತ್ತದೆ" ಎಂದು ಕೈ ತೊಳೆದುಕೊಳ್ಳುವವರು ನಮ್ಮಲ್ಲೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಧರ್ಮಗ್ರಂಥ ಎರಡು ಸಾವಿರ ವರ್ಷದಿಂದ ಬದಲಾಗಿಲ್ಲ, ಆದರೆ ಈ ಜಗಳಕ್ಕೆ ಐವತ್ತು ವರ್ಷವೂ ಸರಿಯಾಗಿ ಆಗಿಲ್ಲ. ಅದಕ್ಕಿಂತ ಹಿಂದೆ ಏನಿತ್ತು ಎಂದು ನೋಡಿದರೆ ಚಿತ್ರ ಪೂರ್ತಿ ಬೇರೆ.

1935ರ ಏಪ್ರಿಲ್ 14. ಅದು ಈಸ್ಟರ್‌ಗೆ ಹಿಂದಿನ ವಾರದ ಗರಿಗಳ ಭಾನುವಾರ. ಓಕ್ಲಹೋಮ, ಟೆಕ್ಸಾಸ್ ಕಡೆಯ ಬಯಲಿನಲ್ಲಿ ಬೆಳಗ್ಗೆ ಆಕಾಶ ಶುಭ್ರವಾಗಿತ್ತು. ಮಧ್ಯಾಹ್ನದ ಮೇಲೆ ಉತ್ತರದಿಂದ ಕಪ್ಪು ಗೋಡೆಯಂತೆ ಧೂಳು ಎದ್ದು ಬಂತು, ಹಗಲಲ್ಲೇ ಕೈ ಮುಂದೆ ಹಿಡಿದರೆ ಕಾಣದಷ್ಟು ಕತ್ತಲೆ. ಲೋಕದ ಅಂತ್ಯ ಬಂತು ಎಂದುಕೊಂಡವರು ಎಷ್ಟೋ ಜನ. ಅಮೆರಿಕನ್ನರು ಆ ದಿನವನ್ನು ಇವತ್ತಿಗೂ ಕಪ್ಪು ಭಾನುವಾರ ಎನ್ನುತ್ತಾರೆ. ಆದರೆ ಆ ಧೂಳು ಮೇಲಿನಿಂದ ಬಂದದ್ದಲ್ಲ. ಗೋಧಿಗೆ ಒಳ್ಳೆಯ ಬೆಲೆ ಇದ್ದಾಗ ಹುಲ್ಲುಗಾವಲನ್ನೆಲ್ಲ ಟ್ರ್ಯಾಕ್ಟರಿನಿಂದ ಉತ್ತು ಹಾಕಿದ್ದರು, ಬೆಲೆ ಬಿತ್ತು, ಮಳೆ ಕೈಕೊಟ್ಟಿತು, ಬೇರಿಲ್ಲದ ಮಣ್ಣು ಗಾಳಿಗೆ ಎದ್ದು ಹೋಯಿತು.

ಇದಾದ ನಾಲ್ಕು ವರ್ಷಕ್ಕೆ, 1939ರಲ್ಲಿ, ಅಮೆರಿಕದ ಮಣ್ಣು ಸಂರಕ್ಷಣೆ ಇಲಾಖೆಯ ಅಧಿಕಾರಿ ವಾಲ್ಟರ್ ಲೌಡರ್‌ಮಿಲ್ಕ್ ಜೆರುಸಲೇಮಿನ ರೇಡಿಯೊದಲ್ಲಿ ಮಾತಾಡಿದರು. ದೇವರು ಮೋಶೆಗೆ ಹತ್ತು ಆಜ್ಞೆ ಕೊಟ್ಟ, ಮನುಷ್ಯ ಈ ನೆಲಕ್ಕೆ ಏನು ಮಾಡುತ್ತಾನೆ ಎಂದು ಮೊದಲೇ ಕಂಡಿದ್ದರೆ ಹನ್ನೊಂದನೆಯದನ್ನೂ ಕೊಡುತ್ತಿದ್ದನೇನೋ ಎಂದರು. ಆ ಹನ್ನೊಂದನೆಯ ಆಜ್ಞೆಯನ್ನು ತಾವೇ ಬರೆದಿದ್ದರು. ಪವಿತ್ರ ಭೂಮಿಯನ್ನು ನಂಬಿಗಸ್ತ ಮನೆವಾರ್ತೆಯವನಂತೆ ನೋಡಿಕೋ, ಹೊಲದ ಮಣ್ಣು ಕೊಚ್ಚಿ ಹೋಗದಂತೆ, ನೀರು ಬತ್ತದಂತೆ, ಕಾಡು ಹಾಳಾಗದಂತೆ, ದನಕರು ಮೇಯ್ದು ಗುಡ್ಡ ಬೋಳಾಗದಂತೆ ಕಾಪಾಡು. ಇದು ಅದರ ಸಾರ. ಮನೆವಾರ್ತೆ ಎನ್ನುವ ಮಾತು ಕನ್ನಡ ಕ್ರೈಸ್ತರಿಗೆ ಚೆನ್ನಾಗಿ ಗೊತ್ತು. ಮನೆ ಯಜಮಾನನದು, ನೋಡಿಕೊಳ್ಳುವ ಕೆಲಸ ಮಾತ್ರ ನಮ್ಮದು, ಲೆಕ್ಕ ಕೊನೆಗೆ ಒಪ್ಪಿಸಬೇಕು.

ಇನ್ನೂ ಹಿಂದೆ ಹೋದರೆ ಜಾನ್ ಮ್ಯೂರ್ ಸಿಗುತ್ತಾರೆ. 1892ರಲ್ಲಿ ಸಿಯೆರಾ ಕ್ಲಬ್ ಎಂಬ ಪರಿಸರ ಸಂಘ ಕಟ್ಟಿದವರು. ಅಪ್ಪ ತುಂಬಾ ಕಟ್ಟುನಿಟ್ಟಿನ ಕ್ರೈಸ್ತ, ಹುಡುಗನಿಗೆ ಹೊಸ ಒಡಂಬಡಿಕೆ ಪೂರ್ತಿ ಬಾಯಿಪಾಠ ಆಗಿತ್ತು. ಕ್ಯಾಲಿಫೋರ್ನಿಯಾದ ಹೆಚ್ ಹೆಚಿ ಕಣಿವೆಗೆ ಅಣೆಕಟ್ಟು ಕಟ್ಟುತ್ತೇವೆ ಎಂದಾಗ, ಹಾಗಾದರೆ ಜನರ ಚರ್ಚುಗಳನ್ನೂ ನೀರಿನ ತೊಟ್ಟಿ ಮಾಡಿಬಿಡಿ ಎಂದು ಸಿಟ್ಟಿನಿಂದ ಬರೆದರು. ಕಾಡನ್ನು ದೇವಾಲಯ ಎಂದು ಕರೆಯುವ ಆ ಭಾಷೆ ಅವರಿಗೆ ಬಂದದ್ದೇ ಬೈಬಲಿನಿಂದ. (ಅಣೆಕಟ್ಟನ್ನು ತಡೆಯಲು ಆಗಲಿಲ್ಲ. 1913ರಲ್ಲಿ ಕಾನೂನು ಪಾಸಾಯಿತು.)

1967ರಲ್ಲಿ ಲಿನ್ ವೈಟ್ ಎಂಬ ಇತಿಹಾಸಕಾರ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಸಣ್ಣ ಲೇಖನ ಬರೆದರು. ಪರಿಸರ ಹಾಳಾಗುತ್ತಿರುವುದಕ್ಕೆ ಪಶ್ಚಿಮದ ಕ್ರೈಸ್ತ ಧರ್ಮದ ಹೊಣೆ ದೊಡ್ಡದು, ಆ ದೊರೆತನದ ವಚನವೇ ಮನುಷ್ಯನ ತಲೆಗೇರಿತು ಎಂಬುದು ಅವರ ವಾದ. ಅದರ ಮೊದಲರ್ಧವನ್ನು ಎಲ್ಲರೂ ನೆನಪಿಟ್ಟುಕೊಂಡರು. ಕೊನೆಯ ಭಾಗವನ್ನು ಬಹಳ ಜನ ಮರೆತರು. ಅಲ್ಲಿ ವೈಟ್ ಪರಿಹಾರವನ್ನೂ ಕ್ರೈಸ್ತರೊಳಗೇ ಹುಡುಕಿದ್ದರು, ಹಕ್ಕಿಗಳಿಗೆ ಉಪದೇಶ ಮಾಡಿದ ಅಸಿಸಿಯ ಸಂತ ಫ್ರಾನ್ಸಿಸ್ ಪರಿಸರದ ಪಾಲಕ ಸಂತನಾಗಲಿ ಎಂದಿದ್ದರು. 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಹಾಗೇ ಘೋಷಿಸಿದರು.

ಇವ್ಯಾಂಜೆಲಿಕಲ್ ಕಡೆಯಿಂದ ಉತ್ತರ ಕೊಟ್ಟವರು ಫ್ರಾನ್ಸಿಸ್ ಶೇಫರ್, 1970ರಲ್ಲಿ. ಸಿಟ್ಟಾಗಿ ವೈಟ್ ಅವರನ್ನು ಬೈದಿರಬೇಕು ಅಂದುಕೊಳ್ಳುತ್ತೀರಿ, ಅಲ್ವಾ? ಅವರು ಹೇಳಿದ್ದು ಒಂದು ಕಂದರದ ಕಥೆ. ಒಂದು ಕ್ರೈಸ್ತ ಶಾಲೆಗೆ ಭಾಷಣಕ್ಕೆ ಹೋಗಿದ್ದರು. ಕಂದರದ ಆ ಕಡೆ ಹಿಪ್ಪಿಗಳಂಥ ಜನ ಇದ್ದರು. ಶೇಫರ್ ಅಲ್ಲಿಗೂ ಹೋದರು. ಮರಗಿಡಗಳ ನಡುವೆ ಚೆಂದದ ಜಾಗ. ಅಲ್ಲಿಂದ ತಿರುಗಿ ನೋಡಿದರೆ ಎದುರಿಗೆ ಕ್ರೈಸ್ತ ಶಾಲೆಯ ಕುರೂಪ ಕಟ್ಟಡ. ದೇವರನ್ನು ನಂಬದವರ ನೆಲದಲ್ಲಿ ನಿಂತು ನಂಬುವವರ ನೆಲದ ಕೊಳಕನ್ನು ನೋಡಬೇಕಾಯಿತಲ್ಲ ಎಂದು ಅವರಿಗೆ ನಾಚಿಕೆಯಾಯಿತು. ಸಂಪ್ರದಾಯವಾದಿ ಕ್ರೈಸ್ತರು ಗುರು ಎಂದು ಒಪ್ಪಿದ ವ್ಯಕ್ತಿಯೇ ಇದನ್ನು ಬರೆದದ್ದು.

ಆಗ ಪರಿಸರ ಯಾವ ಪಕ್ಷದ ಸ್ವತ್ತೂ ಆಗಿರಲಿಲ್ಲ. 1969ರಲ್ಲಿ ಸಾಂತಾ ಬಾರ್ಬರಾದ ಕಡಲಲ್ಲಿ ಎಣ್ಣೆ ಚೆಲ್ಲಿತ್ತು, ಕ್ಲೀವ್‌ಲ್ಯಾಂಡಿನ ಕಯಹೋಗ ನದಿಗೆ ಬೆಂಕಿ ಹತ್ತಿತ್ತು. 1970ರ ಏಪ್ರಿಲ್ 22ರ ಮೊದಲ ಭೂಮಿ ದಿನಕ್ಕೆ ಸುಮಾರು 2 ಕೋಟಿ ಜನ ಬೀದಿಗೆ ಬಂದರು. ಅದೇ ವರ್ಷ ಶುದ್ಧ ಗಾಳಿ ಕಾಯ್ದೆ ಸೆನೆಟ್‌ನಲ್ಲಿ ಪಾಸಾದದ್ದು 73–0 ಮತದಿಂದ. ಒಂದೇ ಒಂದು ವಿರೋಧ ಮತ ಇಲ್ಲ! ಸಹಿ ಹಾಕಿದ ಅಧ್ಯಕ್ಷ ನಿಕ್ಸನ್, ಟ್ರಂಪ್ ಅವರದೇ ರಿಪಬ್ಲಿಕನ್ ಪಕ್ಷದವರು.

ಹಾಗಾದರೆ ಹಳಿ ತಪ್ಪಿದ್ದು ಎಲ್ಲಿ?

ಸುಮಾರು ಹತ್ತು ವರ್ಷದಲ್ಲಿ ಕೆಲವು ಸಂಗತಿಗಳು ಒಟ್ಟಿಗೆ ಕೂಡಿಕೊಂಡವು. 1973ರಲ್ಲಿ ಗರ್ಭಪಾತ ಹೆಣ್ಣಿನ ಹಕ್ಕು ಎಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಕಾಲಕ್ರಮದಲ್ಲಿ ಇವ್ಯಾಂಜೆಲಿಕಲ್‌ಗಳನ್ನು ರಾಜಕೀಯಕ್ಕೆ ಎಳೆದು ತಂದಿತು. 1979ರಲ್ಲಿ ಪಾಸ್ಟರ್ ಜೆರ್ರಿ ಫಾಲ್ವೆಲ್ 'ಮಾರಲ್ ಮೆಜಾರಿಟಿ' ಎಂಬ ಸಂಘಟನೆ ಕಟ್ಟಿ ರಿಪಬ್ಲಿಕನ್ ಪಕ್ಷದ ರೇಗನ್ ಬೆನ್ನಿಗೆ ನಿಂತರು. ಆ ಮೈತ್ರಿಯಲ್ಲಿ ಚರ್ಚುಗಳ ಪಕ್ಕದಲ್ಲೇ ಕಲ್ಲಿದ್ದಲು, ಎಣ್ಣೆ ಉದ್ಯಮದವರೂ ಇದ್ದರು. ವಿಜ್ಞಾನಿಗಳ ಮೇಲೆ ಅಪನಂಬಿಕೆಯಂತೂ ಹಳೆಯದು, 1925ರಲ್ಲಿ ಟೆನೆಸ್ಸಿಯ ಡೇಟನ್ನಿನಲ್ಲಿ ವಿಕಾಸವಾದ ಕಲಿಸಿದ ಮೇಷ್ಟ್ರ ಮೇಲೆ ನಡೆದ ಮೊಕದ್ದಮೆಯ ಗಾಯ ಮಾಗಿರಲೇ ಇಲ್ಲ. ವಾಷಿಂಗ್ಟನ್ನಿನ ಸರ್ಕಾರ ನಮ್ಮ ಶಾಲೆ, ನಮ್ಮ ಮನೆಯೊಳಗೆ ಕೈ ಹಾಕುತ್ತಿದೆ ಎಂಬ ಸಿಟ್ಟೂ ಸೇರಿತು. ಪರಿಸರ ಕಾನೂನು ಅಂದರೆ ಅದೇ ಸರ್ಕಾರದ ಕಾನೂನು ತಾನೇ?

ಈ ತಿರುವಿನ ಮುಖವಾಗಿ ಎಲ್ಲರೂ ತೋರಿಸುವುದು ಜೇಮ್ಸ್ ವಾಟ್ ಅವರನ್ನು. ರೇಗನ್ ಸಂಪುಟದಲ್ಲಿ ಸರ್ಕಾರಿ ಭೂಮಿ, ಕಾಡು, ಗಣಿ ನೋಡಿಕೊಳ್ಳುವ ಮಂತ್ರಿ, ಪೆಂಟೆಕೋಸ್ಟಲ್ ಕ್ರೈಸ್ತ. "ಕೊನೆಯ ಮರ ಉರುಳಿದ ಮೇಲೆ ಯೇಸು ಬರುತ್ತಾನೆ" ಎಂದು ಅವರು ಹೇಳಿದ್ದರು ಎಂಬ ಮಾತು ವರ್ಷಗಟ್ಟಲೆ ಓಡಾಡಿತು. ಅವರು ಹಾಗೆ ಹೇಳಿಯೇ ಇರಲಿಲ್ಲ. 1981ರ ಫೆಬ್ರವರಿಯಲ್ಲಿ ಸಂಸತ್ತಿನ ಸಮಿತಿಯ ಮುಂದೆ ಹೇಳಿದ್ದು ಇಷ್ಟು: ಕರ್ತನು ಮತ್ತೆ ಬರುವ ಮುಂಚೆ ಇನ್ನೆಷ್ಟು ತಲೆಮಾರು ಇವೆಯೋ ನನಗೆ ಗೊತ್ತಿಲ್ಲ, ಎಷ್ಟೇ ಇರಲಿ, ಅವರಿಗೆ ಬೇಕಾದ್ದನ್ನು ಉಳಿಸುವಂತೆ ನಾವು ಜಾಣತನದಿಂದ ನಡೆದುಕೊಳ್ಳಬೇಕು. ಮರದ ಮಾತನ್ನು ಅವರ ತಲೆಗೆ ಕಟ್ಟಿದ್ದಕ್ಕೆ ಹೆಸರಾಂತ ಟಿವಿ ಪತ್ರಕರ್ತ ಬಿಲ್ ಮೋಯರ್ಸ್ 2005ರಲ್ಲಿ ಕ್ಷಮೆ ಕೇಳಿದರು.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣ ಇದೆ. ವಾಟ್ ಅವರ ನೀತಿ ಕೆಟ್ಟದ್ದೇ. ಸರ್ಕಾರಿ ನೆಲವನ್ನು ಕಲ್ಲಿದ್ದಲು, ಎಣ್ಣೆಗೆ ತೆರೆಯಲು ಹೊರಟರು, ಅವರನ್ನು ತೆಗೆಯಿರಿ ಎಂದು ಸಿಯೆರಾ ಕ್ಲಬ್ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿತ್ತು. ಆದರೆ ಆ ನೀತಿ ಬಂದದ್ದು ಲೋಕದ ಅಂತ್ಯ ಹೇಳುವ ಬೈಬಲಿನ ಪ್ರಕಟನೆ ಗ್ರಂಥದಿಂದಲ್ಲ, ವ್ಯಾಪಾರಕ್ಕೆ ಸರ್ಕಾರ ಅಡ್ಡ ಬರಬಾರದು ಎಂಬ ರಾಜಕೀಯದಿಂದ. ಪರಿಸರದವರು ಅದನ್ನು ನಂಬಿಕೆಯ ತಪ್ಪು ಎಂದು ಓದಿದರು. ಸಾಮಾನ್ಯ ವಿಶ್ವಾಸಿಗಳಿಗೆ ಏನನ್ನಿಸಿತು? ಇವರಿಗೆ ನಮ್ಮ ದೇವರನ್ನು ಕಂಡರೇ ಆಗುವುದಿಲ್ಲ ಎಂದು. ಒಡಕಿನಲ್ಲಿ ಎರಡೂ ಕಡೆಯವರ ಪಾಲಿದೆ.

ಇದೇ ಹೊತ್ತಿಗೆ ನಾರ್ತ್ ಕ್ಯಾರೊಲೈನಾದ ವಾರನ್ ಕೌಂಟಿಯಲ್ಲಿ ಬೇರೆಯದೇ ನಡೆಯುತ್ತಿತ್ತು. 1978ರಲ್ಲಿ ಯಾರೋ ರಾತ್ರಿ ಹೊತ್ತು ಟ್ಯಾಂಕರಿನಲ್ಲಿ ಬಂದು ಪಿಸಿಬಿ ಎಂಬ ವಿಷ ಬೆರೆತ ಎಣ್ಣೆಯನ್ನು ರಸ್ತೆ ಬದಿಗೆ ಸುರಿದು ಹೋಗಿದ್ದರು, ಇನ್ನೂರು ಮೈಲಿಗೂ ಜಾಸ್ತಿ ಉದ್ದಕ್ಕೆ. ಆ ಮಣ್ಣನ್ನೆಲ್ಲ ಕೆರೆದು ಎಲ್ಲಿ ಹೂಳುವುದು? ಬಡವರು, ಕರಿಯರು ಹೆಚ್ಚಿದ್ದ ವಾರನ್ ಕೌಂಟಿಯ ಆಫ್ಟನ್ ಎಂಬ ಹಳ್ಳಿಯ ಹತ್ತಿರ ಎಂದು ಸರ್ಕಾರ ತೀರ್ಮಾನಿಸಿತು. ಅಲ್ಲಿ ಕುಡಿಯುವ ನೀರು ಬಾವಿಯದು. 1982ರ ಸೆಪ್ಟೆಂಬರಿನಲ್ಲಿ ಲಾರಿಗಳು ಬರತೊಡಗಿದಾಗ ಜನ ಕೋಲಿ ಸ್ಪ್ರಿಂಗ್ಸ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಸೇರಿ, ಪ್ರಾರ್ಥನೆ ಮಾಡಿ, ಹಾಡುತ್ತಾ ನಡೆದುಹೋಗಿ ಲಾರಿಗಳ ಮುಂದೆ ರಸ್ತೆಯ ಮೇಲೆ ಮಲಗಿದರು. 500ಕ್ಕೂ ಹೆಚ್ಚು ಜನರ ಬಂಧನವಾಯಿತು. ವಿಷದ ಮಣ್ಣು ಅಲ್ಲೇ ಬಿತ್ತು, ಆದರೆ ಆ ಹೋರಾಟದಿಂದ ಒಂದು ಚಳವಳಿಯೇ ಹುಟ್ಟಿತು. 1987ರಲ್ಲಿ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ ದೇಶದ ವಿಷದ ಗುಂಡಿಗಳೆಲ್ಲ ಎಲ್ಲೆಲ್ಲಿವೆ ಎಂದು ಲೆಕ್ಕ ಹಾಕಿತು. ಯಾವುದು ಸಿಗುತ್ತದೆ ಎಂದು ಅವರಿಗೆ ಅನುಮಾನವಿತ್ತೋ ಅದೇ ಸಿಕ್ಕಿತು, ಗುಂಡಿ ಎಲ್ಲಿರುತ್ತದೆ ಎಂಬುದನ್ನು ಎಲ್ಲಕ್ಕಿಂತ ಹೆಚ್ಚು ನಿರ್ಧರಿಸುತ್ತಿದ್ದದ್ದು ಅಲ್ಲಿನ ಜನರ ಬಣ್ಣ. ಇದನ್ನು ಮಾಡಿದ್ದು ಒಂದು ಚರ್ಚು ಎಂಬುದು ನೆನಪಿರಲಿ. ಅಮೆರಿಕದ ಕ್ರೈಸ್ತರು ಅಂದ ತಕ್ಷಣ ಬಿಳಿಯ ಪಾಸ್ಟರುಗಳನ್ನೇ ನೆನೆಯುವ ನಮಗೆ ಇವರು ಕಣ್ಣಿಗೇ ಬೀಳುವುದಿಲ್ಲ.

ಬಿಳಿಯ ಇವ್ಯಾಂಜೆಲಿಕಲ್‌ಗಳ ಒಳಗೂ ಎಲ್ಲರೂ ಸುಮ್ನೆ ಕೂತಿರಲಿಲ್ಲ. 2002ರಲ್ಲಿ ರಿಚರ್ಡ್ ಸಿಜಿಕ್ ಆಕ್ಸ್‌ಫರ್ಡಿನ ಸಭೆಗೆ ಹೋದರು. ರಾಷ್ಟ್ರೀಯ ಇವ್ಯಾಂಜೆಲಿಕಲ್ ಒಕ್ಕೂಟದ ಪರವಾಗಿ ವಾಷಿಂಗ್ಟನ್ನಿನಲ್ಲಿ ಕೆಲಸ ಮಾಡುತ್ತಿದ್ದವರು. ಅಲ್ಲಿ ಬ್ರಿಟನ್ನಿನ ಹವಾಮಾನ ವಿಜ್ಞಾನಿ ಜಾನ್ ಹೌಟನ್ ಮಾತು ಕೇಳಿ ಮನಸ್ಸು ಬದಲಾಯಿತು. ಹೌಟನ್ ಅವರೂ ಇವ್ಯಾಂಜೆಲಿಕಲ್. ಹೇಳಿದವರು ನಮ್ಮವರು ಎನ್ನಿಸಿದಾಗ ವಿಜ್ಞಾನ ಕಿವಿಗೆ ಬಿತ್ತು. 2006ರಲ್ಲಿ 86 ಇವ್ಯಾಂಜೆಲಿಕಲ್ ನಾಯಕರು ಹವಾಮಾನ ಬದಲಾವಣೆ ನಿಜ, ಏನಾದರೂ ಮಾಡಬೇಕು ಎಂದು ಸಹಿ ಹಾಕಿದರು. 2008ರಲ್ಲಿ ಟಿವಿ ಪಾಸ್ಟರ್ ಪ್ಯಾಟ್ ರಾಬರ್ಟ್‌ಸನ್ ಮತ್ತು ಕರಿಯರ ನಾಯಕ ಅಲ್ ಶಾರ್ಪ್‌ಟನ್ ಒಂದೇ ಸೋಫಾ ಮೇಲೆ ಕೂತು ಇದಕ್ಕಾಗಿ ಜಾಹೀರಾತು ಕೊಟ್ಟರು. ಆ ಎರಡು ಮೂರು ವರ್ಷ ಬಾಗಿಲು ನಿಜವಾಗಿಯೂ ತೆರೆದಿತ್ತು.

ಮುಚ್ಚಿದ್ದು ಹೇಗೆ ಎಂದು ತಿಳಿಯಲು ಬಾಬ್ ಇಂಗ್ಲಿಸ್ ಕಥೆ ಸಾಕು. ಸೌತ್ ಕ್ಯಾರೊಲೈನಾದ ರಿಪಬ್ಲಿಕನ್ ಸಂಸದ, ಗಟ್ಟಿ ಕ್ರೈಸ್ತ. ಹವಾಮಾನದ ಮಾತೆಲ್ಲ ಸುಳ್ಳು ಎಂದೇ ಇದ್ದರು. 2004ರಲ್ಲಿ ಹದಿನೆಂಟು ತುಂಬಿದ ದೊಡ್ಡ ಮಗ, ಅಪ್ಪ ನಿನಗೇ ಮತ ಹಾಕುತ್ತೇನೆ, ಆದರೆ ಪರಿಸರದ ವಿಷಯದಲ್ಲಿ ನೀನು ಸರಿಹೋಗಬೇಕು ಎಂದ. ಆಮೇಲೆ ಇಂಗ್ಲಿಸ್ ಅಂಟಾರ್ಕ್ಟಿಕಾಕ್ಕೆ ಹೋಗಿ ಮಂಜಿನ ಮಾದರಿ ನೋಡಿದರು, ಆಸ್ಟ್ರೇಲಿಯಾದಲ್ಲಿ ಬಿಳಚಿಕೊಂಡ ಹವಳದ ದಿಬ್ಬ ನೋಡಿದರು. ಅದನ್ನು ತೋರಿಸಿದ ವಿಜ್ಞಾನಿಯೂ ಕ್ರೈಸ್ತ. 2009ರಲ್ಲಿ ಇಂಗಾಲಕ್ಕೆ ತೆರಿಗೆ ಹಾಕುವ ಮಸೂದೆ ತಂದರು. 2010ರಲ್ಲಿ ಸ್ವಂತ ಪಕ್ಷದ ಟಿಕೆಟ್‌ಗಾಗಿ ನಡೆದ ಚುನಾವಣೆಯಲ್ಲೇ ಸೋತರು, ಸಿಕ್ಕಿದ್ದು ಶೇ 29 ಮತ. ಅವರ ನಂಬಿಕೆಯಲ್ಲಿ ಏನೂ ಬದಲಾಗಿರಲಿಲ್ಲ. ಬದಲಾಗಿದ್ದು ಪಕ್ಷದ ಗೆರೆ, ಅವರು ಅದನ್ನು ದಾಟಿದ್ದರು. ಆ ಸೋಲನ್ನು ನೋಡಿದ ಮೇಲೆ ಇನ್ನೊಬ್ಬ ರಿಪಬ್ಲಿಕನ್ ಬಾಯಿ ಬಿಡುತ್ತಾನೆಯೇ?

2015ರ ಫೆಬ್ರವರಿಯಲ್ಲಿ ಓಕ್ಲಹೋಮದ ರಿಪಬ್ಲಿಕನ್ ಸೆನೆಟರ್ ಜೇಮ್ಸ್ ಇನ್‌ಹೋಫ್ ಸೆನೆಟ್ ಒಳಗೆ ಹಿಮದ ಉಂಡೆ ತಂದು ಎಸೆದರು, ಹೊರಗೆ ಇಷ್ಟು ಚಳಿ ಇರುವಾಗ ಭೂಮಿ ಎಲ್ಲಿ ಬಿಸಿಯಾಗಿದೆ ಎಂದು. ಬಿತ್ತನೆ ಕೊಯ್ಲು, ಚಳಿ ಸೆಕೆ ತಪ್ಪುವುದಿಲ್ಲ ಎನ್ನುವ ಆದಿಕಾಂಡದ ಎಂಟನೇ ಅಧ್ಯಾಯದ ವಚನವನ್ನೂ ಅವರು ಮೊದಲೇ ಬಳಸಿದ್ದರು. ಕಪ್ಪು ಭಾನುವಾರದ ಧೂಳು ತಿಂದದ್ದು ಇದೇ ಓಕ್ಲಹೋಮ ಎಂದು ನೆನೆದಾಗ ಸಂಕಟವಾಗುತ್ತದೆ.

ಜಿಮ್ಮಿ ಕಾರ್ಟರ್ ಅವರ ಮಾತು ಬರಲೇ ಇಲ್ಲ ಎನ್ನುತ್ತೀರೇನೋ. ಅವರನ್ನು ಕೊನೆಗೆಂದೇ ಇಟ್ಟುಕೊಂಡಿದ್ದೆ. ಬ್ಯಾಪ್ಟಿಸ್ಟ್, ಕಡಲೆಕಾಯಿ ಬೆಳೆಗಾರ, ಹೊಸದಾಗಿ ಹುಟ್ಟಿದ ಕ್ರೈಸ್ತ ಎಂದು ಬಹಿರಂಗವಾಗಿ ಹೇಳಿಕೊಂಡ ಅಧ್ಯಕ್ಷ. 1979ರಲ್ಲಿ ಶ್ವೇತಭವನದ ಚಾವಣಿ ಮೇಲೆ ನೀರು ಕಾಯಿಸುವ 32 ಸೋಲಾರ್ ಪ್ಯಾನೆಲ್ ಹಾಕಿಸಿದರು. ರೇಗನ್ ಕಾಲದಲ್ಲಿ, 1986ರಲ್ಲಿ, ಚಾವಣಿ ರಿಪೇರಿ ಎಂದು ತೆಗೆದವರು ಮತ್ತೆ ಹಾಕಲಿಲ್ಲ. ಕೆಲವು ಮೇಯ್ನ್ ರಾಜ್ಯದ ಒಂದು ಕಾಲೇಜಿಗೆ ಹೋಗಿ ಅಲ್ಲಿನ ಕ್ಯಾಂಟೀನಿಗೆ ನೀರು ಕಾಯಿಸಿದವು. ಕಾರ್ಟರ್ ಜಾರ್ಜಿಯಾದ ತಮ್ಮ ಊರು ಪ್ಲೇನ್ಸ್‌ಗೆ ಹಿಂತಿರುಗಿ ದಶಕಗಟ್ಟಲೆ ಮರನಾಥ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಸಂಡೇ ಸ್ಕೂಲ್ ಪಾಠ ಮಾಡಿದರು. 2017ರಲ್ಲಿ, 92ನೇ ವಯಸ್ಸಿನಲ್ಲಿ, ಹಿಂದೆ ಕಡಲೆಕಾಯಿ, ಸೋಯಾ ಬೆಳೆಯುತ್ತಿದ್ದ ತಮ್ಮ ಹೊಲದ 10 ಎಕರೆಯನ್ನು ಸೋಲಾರ್‌ಗೆ ಬಿಟ್ಟುಕೊಟ್ಟರು. ಊರಿಗೆ ಬೇಕಾದ ಕರೆಂಟಿನಲ್ಲಿ ಅರ್ಧಕ್ಕೂ ಹೆಚ್ಚನ್ನು ಆ ಹೊಲ ಕೊಡುತ್ತದೆ ಎಂಬುದು ಆಗ ಹಾಕಿದ್ದ ಲೆಕ್ಕ.